ಬೆಂಗಳೂರಿಂದ ಸಿಡ್ನಿಗೆ 11 ಗಂಟೆನಾ 17 ಗಂಟೆನಾ? ಅಮ್ಮನ ಇನ್ಸುಲಿನ್ ಲೆಕ್ಕ ಹಾಕ್ಬೇಕು

ಗೋಣಿಕೊಪ್ಪ_ತೋಟ:
ಎಲ್ರಿಗೂ ನಮಸ್ಕಾರ. ತಂಗಿ ಸಿಡ್ನಿಲಿದ್ದಾಳೆ, ಡಿಸೆಂಬರ್‌ನಲ್ಲಿ ಹೆರಿಗೆ, ಬಾಣಂತನಕ್ಕೆ ಅಮ್ಮ ಒಬ್ರೇ ಹೋಗ್ತಿದ್ದಾರೆ. ನಂಗೆ ಕಾಫಿ ಕುಯ್ಲು ಟೈಮು, ಬಿಟ್ಟು ಹೋಗಕ್ಕಾಗಲ್ಲ. ಡೈರೆಕ್ಟ್ ಫ್ಲೈಟು. ಟಿಕೆಟಲ್ಲಿ ಬೆಂಗಳೂರು ಸಂಜೆ 6:30, ಸಿಡ್ನಿ ಮಾರನೇ ದಿನ ಬೆಳಿಗ್ಗೆ 11:30 ಅಂತಿದೆ, ಅಂದ್ರೆ 17 ಗಂಟೆ ಆಯ್ತಲ್ಲ? ವಾಪಸ್ ಬರುವಾಗ ಬೆಳಿಗ್ಗೆ 9:30ಕ್ಕೆ ಹೊರಟು ಅದೇ ದಿನ ಸಂಜೆ 4:45ಕ್ಕೆ ಬೆಂಗಳೂರಂತೆ, ಅದು ಏಳೂಕಾಲು ಗಂಟೆನೇ ಆಗುತ್ತೆ! ಅಮ್ಮಂಗೆ ಶುಗರ್ ಇದೆ, ಬೆಳಿಗ್ಗೆ ರಾತ್ರಿ ಇನ್ಸುಲಿನ್ ತಗೊಳ್ತಾರೆ, ಅದಕ್ಕೇ ನಿಜವಾದ ಗಂಟೆ ಎಷ್ಟು ಅಂತ ಗೊತ್ತಾಗ್ಬೇಕು.

ಕುಶಾಲನಗರ_ಕಾವೇರಿ:
ಅಣ್ಣ ಎರಡೂ ಅಲ್ಲ. ಟಿಕೆಟಲ್ಲಿ ಯಾವಾಗ್ಲೂ ಆಯಾ ಊರಿನ ಟೈಮೇ ಹಾಕಿರ್ತಾರೆ. ಡಿಸೆಂಬರ್‌ನಲ್ಲಿ ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ (ಏಪ್ರಿಲ್ ಮೊದಲ ಭಾನುವಾರ ಅವ್ರು ಗಡಿಯಾರ ಹಿಂದಕ್ಕೆ ಹಾಕ್ತಾರೆ, ಆಮೇಲೆ ನಾಲ್ಕೂವರೆ). ಹೋಗುವಾಗ 17ರಲ್ಲಿ ಐದೂವರೆ ಕಳೀರಿ, ಹನ್ನೊಂದೂವರೆ ಗಂಟೆ. ಬರುವಾಗ ಕೂಡಿಸಿ, ಹನ್ನೆರಡೂ ಮುಕ್ಕಾಲು. ದೂರ ಎರಡು ಕಡೆಗೂ ಸುಮಾರು 9,300 ಕಿ.ಮೀ.ನೇ, ಆದ್ರೆ ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತೆ, ಜೆಟ್ ಸ್ಟ್ರೀಮ್ ಅಂತಾರೆ, ಆಸ್ಟ್ರೇಲಿಯಾ ಕಡೆಗೂ ಅದೇ ದಿಕ್ಕು, ಅದಕ್ಕೆ ಹೋಗುವಾಗ ಹಿಂದಿಂದ ತಳ್ಳುತ್ತೆ ಬರುವಾಗ ಎದುರಿಗೆ ಬರುತ್ತೆ. 2022ರ ಮೊದ್ಲು ಈ ಡೈರೆಕ್ಟ್ ಫ್ಲೈಟೇ ಇರ್ಲಿಲ್ಲ, ಆ ಸೆಪ್ಟೆಂಬರಲ್ಲಿ ಆಸ್ಟ್ರೇಲಿಯಾದ ಏರ್‌ಲೈನ್ಸ್ ಕ್ವಾಂಟಾಸ್ ಶುರು ಮಾಡ್ತು, ಅಲ್ಲಿವರ್ಗೂ ಸಿಂಗಾಪುರದಲ್ಲೋ ಕೌಲಾಲಂಪುರದಲ್ಲೋ ಇಳಿದು ಹತ್ತೋದು, ವಯಸ್ಸಾದವರಿಗೆ ಅದೇ ದೊಡ್ಡ ಕಷ್ಟ ಆಗಿತ್ತು.

ಮಡಿಕೇರಿ_ಸಿಸ್ಟರ್:
ನಾನು ನರ್ಸ್, ಹಾಗಾಗಿ ಇನ್ಸುಲಿನ್ ಬಗ್ಗೆ ಹೇಳ್ತೀನಿ. ಅಮ್ಮ ಇಳಿಯೋ ಹೊತ್ತಿಗೆ ಸಿಡ್ನಿಲಿ 11:30, ನಮ್ಮೂರಲ್ಲಿ ಬೆಳಿಗ್ಗೆ 6. ಅವರ ಮೈಗೆ ಆವಾಗಷ್ಟೇ ಬೆಳಗಾಗಿರುತ್ತೆ, ಅಲ್ಲಿ ಮಾತ್ರ ಮಧ್ಯಾಹ್ನದ ಊಟಕ್ಕೆ ರೆಡಿ ಇರ್ತಾರೆ. ಪೂರ್ವಕ್ಕೆ ಹೋದ್ರೆ ದಿನ ಚಿಕ್ಕದಾಗುತ್ತೆ, ಡೋಸ್ ಹತ್ತಿರ ಹತ್ತಿರ ಬಿದ್ರೆ ಶುಗರ್ ಇಳಿದುಬಿಡುತ್ತೆ, ಅದಕ್ಕೆ ಎಷ್ಟು ಯಾವಾಗ ಅನ್ನೋದನ್ನ ಊರಿಂದ ಹೊರಡೋ ಮುಂಚೆನೇ ಡಾಕ್ಟರ್ ಹತ್ರ ಬರೆಸ್ಕೊಳ್ಳಿ, ಔಷಧಿ ಹೆಸರಿರೋ ಚೀಟಿನೂ ಬೇಕು. ಸಿಡ್ನಿಲಿ ಇಳಿಯೋವರ್ಗೂ ಅಮ್ಮನ ವಾಚು ನಮ್ಮ ಟೈಮಲ್ಲೇ ಇರ್ಲಿ. ಇನ್ಸುಲಿನ್ ಕೈಬ್ಯಾಗಲ್ಲೇ ಇಡಿ, ಲಗೇಜಿಗೆ ಹಾಕಿದ್ರೆ ಹೆಪ್ಪುಗಟ್ಟಿ ಹಾಳಾಗ್ಬಹುದು. ಜೊತೆಗೆ ಎರಡು ಪ್ಯಾಕೆಟ್ ಬಿಸ್ಕೆಟ್.

ಪೊನ್ನಂಪೇಟೆ1:
ಏರ್‌ಪೋರ್ಟಿಗೆ ಬೆಳಿಗ್ಗೆ 6ಕ್ಕೇ ಹೊರಡಿ ಅಣ್ಣ. ತಿತಿಮತಿ ದಾಟಿ ಆನೆಚೌಕೂರು ಕಾಡಲ್ಲಿ ಆನೆ ರೋಡಿಗೆ ನಿಂತ್ರೆ ಕಾಯೋದೇ, ಹುಣಸೂರು ಮೈಸೂರು ಬೆಂಗಳೂರು ಮುಗಿಸಿ ದೇವನಹಳ್ಳಿ ಮುಟ್ಟಬೇಕು, ಟ್ರಾಫಿಕ್ ಬೇರೆ. 3:30ಕ್ಕೆ ಅಲ್ಲಿರಬೇಕು, ಟರ್ಮಿನಲ್ 2. ಇನ್ನೊಂದು, ತಿಂಡಿ ಏನೇ ಇದ್ರೂ ಆಸ್ಟ್ರೇಲಿಯಾಕ್ಕೆ ಹೋಗೋರು ತುಂಬೋ ಕಾರ್ಡಲ್ಲಿ 'ಹೌದು' ಅಂತ ಟಿಕ್ ಮಾಡ್ಲೇಬೇಕು, ಕರಿಮೆಣಸು ಜೇನು ಎಲ್ಲಾ, ಮುಚ್ಚಿಟ್ರೆ ದಂಡ. ಹಂದಿ ಉಪ್ಪಿನಕಾಯಿ ಅಂತೂ ಬೇಡ್ವೇ ಬೇಡ.

ಗೋಣಿಕೊಪ್ಪ_ತೋಟ:
ತುಂಬಾ ಉಪಕಾರ ಆಯ್ತು ಎಲ್ರಿಗೂ. ಸಿಸ್ಟರ್, ಗುರುವಾರ ಡಾಕ್ಟರ್ ಹತ್ರ ಹೋಗ್ತಿದ್ದೀವಿ, ನೀವು ಹೇಳಿದ 6 ಗಂಟೆ 11:30 ಲೆಕ್ಕನ ಒಂದು ಹಾಳೆಲಿ ದೊಡ್ಡಕ್ಷರದಲ್ಲಿ ಬರೆದು ಅಮ್ಮನ ಪರ್ಸಲ್ಲಿ ಇಟ್ಟಿದ್ದೀನಿ. ಉಪ್ಪಿನಕಾಯಿ ಬಾಟ್ಲಿ ಬ್ಯಾಗಿಂದ ತೆಗೆದ್ವಿ, ತಂಗಿಗೆ ಅದೇ ಬೇಕಿತ್ತು ಪಾಪ.