‘ಕ್ಲಿಪ್‌ಲೆಸ್ ಪೆಡಲ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಚಿತ್ರದುರ್ಗದಲ್ಲಿ ಹೊಸದಾಗಿ ರೋಡ್ ಸೈಕಲ್ ತುಳಿಯಲು ಬರುವವರಿಗಾಗಿ, ಯಾವ ಪೆಡಲನ್ನು ಕೊಳ್ಳಬೇಕೆಂಬುದರ ಬಗ್ಗೆ ನಾನೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರ ಕರಡಿನಲ್ಲಿ ‘ಕ್ಲಿಪ್‌ಲೆಸ್’ ಎಂಬುದನ್ನು ‘ಕ್ಲಿಪ್‌ರಹಿತ’ ಎಂದು ಬರೆದಿದ್ದೆ. ಕಾಲು ಸಿಕ್ಕಿಕೊಂಡು ಬಿದ್ದೇನೆಂದು ಅಂಜುತ್ತಿದ್ದ ದಾವಣಗೆರೆಯ ಗೆಳೆಯರೊಬ್ಬರು ಆ ಮಾತನ್ನು ನಂಬಿ ಅದನ್ನೇ ತರಿಸಿಕೊಂಡರು. ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು ಶೂವನ್ನು ಹಿಡಿದಿಡುವ ಸ್ಪ್ರಿಂಗ್ ಇರುವ ಒಂದು ಜೊತೆ ಪೆಡಲು, ಶೂವಿನ ಅಡಿಗೆ ಬಿಗಿಯಬೇಕಾದ ಎರಡು ಪ್ಲಾಸ್ಟಿಕ್ ತುಂಡು, ಆರು ಬೋಲ್ಟು. ಅವರು ಬೇಡವೆಂದದ್ದೇ ಅವರ ಕೈಗೆ ಬಂದಿತ್ತು, ಅದಕ್ಕೆ ನನ್ನ ಪದವೇ ಕಾರಣವಾಗಿತ್ತು.

‘ಕ್ಲಿಪ್‌ಲೆಸ್’ ಎಂಬ ಹೆಸರು ಬಂದದ್ದು ಇದಕ್ಕೂ ಹಿಂದಿನ ಟೋ ಕ್ಲಿಪ್ಪಿನಿಂದ. ಟೋ ಕ್ಲಿಪ್ ಎಂದರೆ ಪಾದದ ತುದಿಯನ್ನು ಹಿಡಿಯುವ ಉಕ್ಕಿನ ಪಂಜರ ಮತ್ತು ಅದನ್ನು ಬಿಗಿಯುವ ಬಕಲ್ ಪಟ್ಟಿ. ಹಿಮಜಾರಾಟದ ಬೂಟನ್ನು ಹಿಡಿದಿಡುವ ಸಾಧನಗಳನ್ನು ಮಾಡುತ್ತಿದ್ದ ಫ್ರಾನ್ಸಿನ ‘ಲುಕ್’ ಕಂಪನಿ 1984ರಲ್ಲಿ ಪಂಜರವನ್ನು ತೆಗೆದುಹಾಕಿ, ಶೂವನ್ನೇ ಪೆಡಲಿಗೆ ಸಿಕ್ಕಿಸುವ ಬಗೆಯನ್ನು ಮಾರುಕಟ್ಟೆಗೆ ತಂದಿತು; ಮರುವರ್ಷ ಫ್ರಾನ್ಸಿನ ಸೈಕಲ್ ಪಟು ಬರ್ನಾರ್ಡ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯ ಗೆದ್ದರು. ಹೀಗಾಗಿ ‘ಲೆಸ್’ ಇಲ್ಲವೆನ್ನುವುದು ಆ ಪಂಜರವನ್ನು ಮಾತ್ರ, ಹಿಡಿತವನ್ನಲ್ಲ. ನಮ್ಮ ಕಡೆ ಹಿರಿಯರಿಗೆ ಸೈಕಲ್ಲಿನ ‘ಕ್ಲಿಪ್ಪು’ ಎಂದರೆ ಪ್ಯಾಂಟಿನ ಅಂಚು ಚೈನಿಗೆ ಸಿಕ್ಕದಂತೆ ಹಾಕುತ್ತಿದ್ದ ಉಕ್ಕಿನ ಬಳೆಯೇ ನೆನಪಾಗುತ್ತದೆ ಎಂಬ ತೊಡಕೂ ಇದೆ.

ನನಗೆ ‘ಕಚ್ಚು ಪೆಡಲು’ ಎಂಬುದು ಸರಿಯೆನಿಸುತ್ತದೆ. ನಟ್ಟು ಸರಿಯಾಗಿ ಕೂರದಿದ್ದರೆ ಸೈಕಲ್ ಶಾಪಿನವರು ‘ಥ್ರೆಡ್ ಕಚ್ಚಿಲ್ಲ’ ಎನ್ನುತ್ತಾರಲ್ಲ, ಇಲ್ಲಿಯೂ ನಡೆಯುವುದು ಅದೇ: ಶೂವಿನ ತುಂಡಿನ ಮೂತಿಯನ್ನು ಪೆಡಲಿನ ಮುಂದಂಚಿಗೆ ತೂರಿಸಿ ಪಾದವನ್ನು ಅದುಮಿದಾಗ ‘ಟಕ್’ ಎಂದು ಹಿಂದಿನ ಸ್ಪ್ರಿಂಗ್ ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಟೋ ಕ್ಲಿಪ್ಪಿನಲ್ಲಿ ಕಾಲನ್ನು ಹಿಂದಕ್ಕೆ ಎಳೆಯಬೇಕು, ಪಟ್ಟಿ ಬಿಗಿದಿದ್ದರೆ ಬಗ್ಗಿ ಕೈಯಿಂದ ಸಡಿಲಿಸಬೇಕು. ಜೋಗಿಮಟ್ಟಿಯ ಏರಿನಲ್ಲಿ ಉಸಿರು ಕಟ್ಟಿ ಸೈಕಲ್ ನಿಂತೇ ಹೋಗುವ ಹೊತ್ತಿಗೆ ಈ ವ್ಯತ್ಯಾಸ ದೊಡ್ಡದು. ಆದ್ದರಿಂದ ಹಿಡಿತವೂ ಬಿಡುಗಡೆಯೂ ಹೆಸರಿನಲ್ಲಿಯೇ ಹೊಳೆಯಬೇಕೆಂಬುದು ನನ್ನ ಆಸೆ. ‘ಚಿಲಕದ ಪೆಡಲು’ ಎಂದೂ ಯೋಚಿಸಿದೆ, ಆದರೆ ಚಿಲಕ ತೆಗೆಯಲು ಕೈ ಬೇಕು.

ಟೋ ಕ್ಲಿಪ್ಪಿಗೆ, ಕುದುರೆ ಸವಾರನು ಕಾಲು ತೂರಿಸುವ ‘ರಿಕಾಪು’ ಹೊಂದಬಹುದೇ? ಅದಕ್ಕೆ ಹಳಗನ್ನಡದಲ್ಲಿರುವ ‘ಅಂಕವಣೆ’ ಚೆಲುವಾದ ಪದ, ಆದರೆ ಅಂಗಡಿಯಲ್ಲಿ ನಡೆಯಲಾರದು. ಶೂವಿನ ಅಡಿಯ ತುಂಡಿಗೆ, ಎತ್ತಿನ ಗೊರಸಿಗೆ ಹೊಡೆಯುವ ‘ಲಾಳ’ ಎಂಬುದನ್ನೇ ಬಳಸಿದರೆ ತಪ್ಪಾಗುವುದೇ? ದಾವಣಗೆರೆಯ ಹಳೆಯ ಸೈಕಲ್ ಅಂಗಡಿಗಳಲ್ಲಿ ಟೋ ಕ್ಲಿಪ್ಪಿಗೆ ಬೇರೆ ಹೆಸರು ರೂಢಿಯಲ್ಲಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕು. ನಾನು ಕಟ್ಟಿದ ಪದಕ್ಕಿಂತ ಅದನ್ನೇ ಕೈಪಿಡಿಯಲ್ಲಿ ಬಳಸುತ್ತೇನೆ.