ದಾಖಲೆಗಳಲ್ಲಿ ಒಬ್ಬನಿಗೇ ಎರಡು ಕುಲನಾಮಗಳೇಕೆ?

ಪ್ರಶ್ನೆ: ಹದಿನೇಳನೇ ಶತಮಾನದ ಇಂಗ್ಲೆಂಡಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ದಾಖಲೆಗಳಲ್ಲಿ ಒಬ್ಬನೇ ವ್ಯಕ್ತಿಗೆ ‘ಅಲಿಯಾಸ್’ ಎಂಬ ಕೊಂಡಿಯೊಂದಿಗೆ ಎರಡು ಕುಲನಾಮಗಳು ಕಾಣುತ್ತವೆ. ಇದು ಗುರುತು ಮರೆಮಾಚುವ ಉಪಾಯವಾಗಿತ್ತೇ?

ಉತ್ತರ 1: ಸಾಮಾನ್ಯವಾಗಿ ಅಲ್ಲ, ಬಹುಪಾಲು ಅದರ ಉದ್ದೇಶ ಗುರುತನ್ನು ಖಚಿತಪಡಿಸುವುದೇ ಆಗಿತ್ತು. ತಾಯಿಯ ಮರುಮದುವೆ, ವಿವಾಹಬಾಹಿರ ಜನನ ಅಥವಾ ತಾಯಿಯ ಕಡೆಯಿಂದ ಬಂದ ಆಸ್ತಿಯಿಂದಾಗಿ ಎರಡನೆಯ ಹೆಸರು ಸೇರಿದಾಗ, ಮುಂದೆ ಹಕ್ಕಿಗೆ ಚ್ಯುತಿ ಬಾರದಿರಲೆಂದು ಎರಡನ್ನೂ ಬರೆಸುತ್ತಿದ್ದರು. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡನ್ನು ಆಳಿದ ಆಲಿವರ್ ಕ್ರಾಮ್‌ವೆಲ್‌ನ ಪೂರ್ವಜ ರಿಚರ್ಡ್ ವಿಲಿಯಮ್ಸ್ ತನ್ನ ಸೋದರಮಾವ, ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಕುಲನಾಮವನ್ನು ಧರಿಸಿದ ಮೇಲೂ, ಆ ಮನೆತನದ ಕಾನೂನುಪತ್ರಗಳಲ್ಲಿ ‘ವಿಲಿಯಮ್ಸ್’ ಎಂಬುದು ತಲೆಮಾರುಗಳವರೆಗೆ ಉಳಿದುಬಂದಿತು.

ಉತ್ತರ 2: ಫ್ರೆಂಚ್ ಕೆನಡಾದಲ್ಲಿ ‘ದಿ’ (dit, ಅಂದರೆ ‘ಎಂದು ಕರೆಯಲ್ಪಡುವ’) ಎಂಬ ಫ್ರೆಂಚ್ ಕೊಂಡಿ ಇದೇ ಕೆಲಸ ಮಾಡುತ್ತಿತ್ತು. 1665ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಸೇನೆಯ ಕ್ಯಾರಿನ್ಯಾನ್-ಸಾಲಿಯೇರ್ ರೆಜಿಮೆಂಟಿನ ಸೈನಿಕರ ಅಡ್ಡಹೆಸರುಗಳು ಎಷ್ಟೋ ಮನೆತನಗಳಿಗೆ ಅಂಟಿಕೊಂಡವು. ಒಡಹುಟ್ಟಿದವರಲ್ಲೇ ಒಬ್ಬರು ಮೂಲ ಹೆಸರನ್ನು, ಇನ್ನೊಬ್ಬರು ಅಡ್ಡಹೆಸರನ್ನು ಉಳಿಸಿಕೊಂಡದ್ದೂ ಉಂಟು; ಹಾಗಾಗಿ ಪೂರ್ವಜರ ದಾಖಲೆಗಳನ್ನು ದಯವಿಟ್ಟು ಎರಡೂ ಹೆಸರುಗಳಲ್ಲಿ ಹುಡುಕಿ.