ಅಪ್‌ಡೇಟ್: ಸಾಮಾನು ಕಟ್ಟಿದರೆ ತಿರುವಿನಲ್ಲಿ ಹೊರಕ್ಕೆಳೆಯುತ್ತಿದ್ದ ಹೊಸ ಟೂರಿಂಗ್ ಬೈಕ್

ಹೊಸ ಬೈಕಿಗೆ ಎರಡು ಬದಿಯ ಚೀಲ ಮತ್ತು ಟೆಂಟು ಕಟ್ಟಿದೊಡನೆ ಹ್ಯಾಂಡಲ್ ಹಗುರವಾಗಿ, ತಿರುವಿನಲ್ಲಿ ಗಾಡಿ ಹೊರಕ್ಕೆ ಸರಿದಂತಾಗುತ್ತದೆ, ಒಬ್ಬನೇ ಘಾಟಿಗೆ ಹೊರಡುವ ಮುನ್ನ ಏನು ಮಾಡಬೇಕು ಎಂದು ಇಲ್ಲಿ ಕೇಳಿದ್ದೆ. ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಇಳಿದು, ಕಾರ್ಕಳ, ಹೆಬ್ರಿ ದಾಟಿ, ಆಗುಂಬೆ ಹತ್ತಿ, ಶೃಂಗೇರಿ, ಬಾಳೆಹೊನ್ನೂರು ಮಾರ್ಗವಾಗಿ ಕ್ಷೇಮವಾಗಿ ಮರಳಿದ್ದೇನೆ.

ಫಲ ಕೊಟ್ಟದ್ದು ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ) ಹೆಚ್ಚಿಸುವ ಸಲಹೆ. ಟೂಲ್ ಕಿಟ್ಟಿನಲ್ಲಿದ್ದ ಕೊಕ್ಕೆಯಾಕಾರದ ಸ್ಪ್ಯಾನರಿನಿಂದ ಸ್ಪ್ರಿಂಗಿನ ಬುಡದ ಬಳೆಯನ್ನು ಟಕ್ಕೆಂದು ಮುಂದಿನ ಹಂತಕ್ಕೆ ತಿರುಗಿಸಿ, ಭಾರದ ವಸ್ತುಗಳನ್ನು ಚೀಲದ ತಳಕ್ಕೆ, ಆದಷ್ಟು ಸೀಟಿನ ಕಡೆಗೆ ಸರಿಸಿದ ಮೇಲೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬೈಕು ಹೇಳಿದ ಮಾತು ಕೇಳಿತು. ಟೈರಿನ ಗಾಳಿ ಇಳಿಸಿ ಎಂಬ ಸಲಹೆ ಮಾತ್ರ ಸ್ವಲ್ಪವೂ ಒಗ್ಗಲಿಲ್ಲ. ಭಾರ ಹೇರಿದಾಗ ಕೈಪಿಡಿಯಲ್ಲಿರುವ ಒತ್ತಡವೇ ಸರಿ.

ಅಚ್ಚರಿಯೆಂದರೆ, ಎದುರಿನ ವಾಹನದವರು ರಾತ್ರಿ ನನ್ನತ್ತ ಡಿಪ್ಪರ್ ಹೊಡೆಯುವುದೂ ನಿಂತಿತು. ಮೊದಲು ಸಾಮಾನಿನ ಭಾರಕ್ಕೆ ಬೈಕಿನ ಹಿಂಭಾಗ ಕುಸಿದಾಗ ಹೆಡ್‌ಲೈಟಿನ ಬೆಳಕು ಮೇಲಕ್ಕೇರಿ ಅವರ ಕಣ್ಣಿಗೆ ರಾಚುತ್ತಿತ್ತಂತೆ. ಸಾಮಾನು ಇಳಿಸಿದ ಮೇಲೆ ಬಳೆಯನ್ನು ಮೊದಲಿನ ಹಂತಕ್ಕೆ ತಿರುಗಿಸಿಕೊಳ್ಳಿ, ಇಲ್ಲವಾದರೆ ನಮ್ಮೂರಿನ ಗುಂಡಿಗಳಲ್ಲಿ ಸೊಂಟಕ್ಕೆ ಕಷ್ಟ.